ಹುಟ್ಟಿದ ವರ್ಷ ಗೊತ್ತಿಲ್ಲದವರ ನಡುವೆ

ಕಾಲೇಜಿನಲ್ಲಿ ಕೆಲಸ ಸಿಗದ ಇತಿಹಾಸದ ಎಂ.ಎ.ಗಳು, ಒಬ್ಬಿಬ್ಬರು ಡಾಕ್ಟರೇಟ್ ಮುಗಿಸಿದವರೂ ಈಗೀಗ ಬಸವಕಲ್ಯಾಣದ ನಮ್ಮ ಮನೆಯ ಕಟ್ಟೆಗೆ ಬಂದು ಕೂಡುತ್ತಾರೆ. ಚಹಾ ಕುಡಿಯುತ್ತಾರೆ. ಆಮೇಲೆ ಮೆಲ್ಲಗೆ, "ಅಷ್ಟೆಲ್ಲಾ ಓದಿ ನೀವು ಬಿಮಾ ಮಾರಾಕ ಹ್ಯಾಂಗ ಹೋದ್ರಿ ಸರ್?" ಎಂದು ಕೇಳುತ್ತಾರೆ. ಸಾವಿನ ಮನೆಗೆ ಮಾತನಾಡಿಸಲು ಬಂದವರ ದನಿ ಅದು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಶಾಲು ಇವನ್ನೆಲ್ಲ ಬಿಡುತ್ತೇನೆ. ಅವು ಎಲ್ಲರ ನೌಕರಿಯಲ್ಲೂ ಒಂದೇ ತೆರನಾಗಿರುತ್ತವೆ.

ಹೈದರಾಬಾದಿನಲ್ಲಿ ಕೂತು ನಾನು ಬರೆದ ಮಹಾಪ್ರಬಂಧ ಕಲ್ಯಾಣದ ಚಾಲುಕ್ಯರ ಕಾಲದ ಸುಂಕಗಳ ಕುರಿತದ್ದು. ವೀಳ್ಯದೆಲೆಗೆ ಎಷ್ಟು, ಎತ್ತಿನ ಹೇರಿಗೆ ಎಷ್ಟು, ಗಾಣಕ್ಕೆ ಎಷ್ಟು ಎಂದು ಶಾಸನಗಳನ್ನು ಹುಡುಕಿ ಹುಡುಕಿ ಬರೆದಿದ್ದೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ನನ್ನ ಮಾರ್ಗದರ್ಶಕರು ಮತ್ತು ಟೈಪು ಮಾಡಿದವನು. ಮಾರ್ಗದರ್ಶಕರ ಬಗ್ಗೆ ಈಗಲೂ ನನಗೆ ಸ್ವಲ್ಪ ಅನುಮಾನವಿದೆ.

ಊರಿಗೆ ಬಂದ ಮೇಲೆ ಕಂಡ ಕಂಡ ಕಾಲೇಜಿಗೆಲ್ಲ ಅರ್ಜಿ ಹಾಕಿದೆ. ಒಂದು ಕಡೆ ಕರೆದರು. ಇತಿಹಾಸದ ಹುದ್ದೆಯೇನೋ ಇದೆ, ಆದರೆ ಇತಿಹಾಸ ತೆಗೆದುಕೊಂಡ ವಿದ್ಯಾರ್ಥಿಗಳಿಲ್ಲ, ನೀವು ಕಬಡ್ಡಿ ಆಡಿಸುತ್ತೀರಾ ಎಂದು ಕೇಳಿದರು. ಆಡಿಸುತ್ತೇನೆ ಎಂದೆ. ಕಬಡ್ಡಿಯಲ್ಲಿ ನನಗಿಂತ ಒಳ್ಳೆಯವನೊಬ್ಬ ಅವರಿಗೆ ಸಿಕ್ಕಿದ. ಮನೆಯಲ್ಲಿ ನಾನು ಇನ್ನೂ ಚಾಲುಕ್ಯರ ಮಾತೇ ಆಡುತ್ತಿರುವುದನ್ನು ಕೆಲವು ತಿಂಗಳು ಸಹಿಸಿದ ಅಪ್ಪ, ಒಂದು ದಿನ ಊಟಕ್ಕೆ ಕೂತಾಗ, "ಆ ಚಾಲುಕ್ಯರು ಪಗಾರ ಕೊಡ್ತಾರೇನಪಾ?" ಎಂದು ಕೇಳಿದರು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳುವವರ ಹಾಗೆ ಕೇಳಿದರು. ಮರುವಾರವೇ ಹುಮನಾಬಾದಿನ ವಿಮಾ ಕಚೇರಿಯಲ್ಲಿ ಹಳ್ಳಿ ತಿರುಗುವ ಅಧಿಕಾರಿಯ ಕೆಲಸಕ್ಕೆ ಸೇರಿಕೊಂಡೆ.

ನಮ್ಮ ಕಡೆ ವಿಮೆಗೆ ಬಿಮಾ ಎನ್ನುತ್ತಾರೆ. ಜಡ್ಡಾದವನಿಗೆ ಬಿಮಾರ್ ಎನ್ನುತ್ತಾರೆ. ಇವೆರಡರ ನಡುವೆ ಇರುವುದು ಒಂದು ಅಕ್ಷರದ ಗೋಡೆ. ಅದಕ್ಕೆ ನನ್ನ ಹೆಸರಿನ ಮೊದಲಿನ 'ಡಾ.' ಸೇರಿದರೆ ಆ ಗೋಡೆಯೂ ಉಳಿಯುವುದಿಲ್ಲ. ನಾನು ಮೊದಲ ಸಲ ದುಬಲಗುಂಡಿಗೆ ಹೋದಾಗ, ಊರ ತಳವಾರ "ಬಿಮಾದ ಡಾಕ್ಟರ್ ಬಂದಾರ" ಎಂದು ಸಾರಿಬಿಟ್ಟಿದ್ದ. ಚಾವಡಿಯ ಮುಂದೆ ಕೆಮ್ಮುವವರು, ಕುಂಟುವವರು, ತಲೆಗೆ ಪಟ್ಟಿ ಕಟ್ಟಿಕೊಂಡವರು ಸಾಲಾಗಿ ಕೂತಿದ್ದರು. ಸಾಲಿನ ಮೊದಲಲ್ಲಿದ್ದ ಮುದುಕ ನಾನು ಕೂಡುವ ಮೊದಲೇ ನಾಲಗೆ ಚಾಚಿದ.

"ನಾ ಆ ಡಾಕ್ಟರ್ ಅಲ್ರಿ ಯಜಮಾನ್ರ, ಇತಿಹಾಸದ ಡಾಕ್ಟರ್," ಎಂದೆ.

"ಅದ್ಯಾವ ಬ್ಯಾನಿರಿ?"

"ಬ್ಯಾನಿ ಅಲ್ರಿ. ಹಿಂದಿನ ಕಾಲದ ಸಂಗತಿ."

"ನಂದೂ ಹಿಂದಿನ ಕಾಲದ್ದೇ ಅದರಿ," ಎಂದು ಅವನು ಧೋತರ ಸರಿಸಿ ಮೊಣಕಾಲು ತೋರಿಸಿದ.

ಅಷ್ಟು ಜನ ಸೇರಿದ್ದಾರಲ್ಲ, ಇದೇ ಸಮಯ ಎಂದು ನಾನು ಭಾಷಣ ಶುರು ಮಾಡಿದೆ. ಚಾಲುಕ್ಯರ ಕಾಲದಲ್ಲಿ ವರ್ತಕರ ಸಂಘಗಳಿದ್ದವು, ಒಬ್ಬನಿಗೆ ಕಷ್ಟ ಬಂದರೆ ಉಳಿದವರು ಹೆಗಲು ಕೊಡುತ್ತಿದ್ದರು, ಬಿಮಾ ಎಂದರೂ ಅದೇ ಎಂದು ಎರಡು ಶಾಸನಗಳ ಸಾಲು ಸಮೇತ ವಿವರಿಸಿದೆ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಮತ್ತೆಂದೂ ಮಾತನಾಡಿಲ್ಲ. ಮುಗಿಯುವ ಹೊತ್ತಿಗೆ ಅರ್ಧ ಮಂದಿ ನಿದ್ದೆ ಹೋಗಿದ್ದರು. ಊರ ಗೌಡರು ಮಾತ್ರ ಎಚ್ಚರವಿದ್ದರು.

"ಭಾಳ ಛಂದ ಹೇಳಿದ್ರಿ," ಎಂದರು ಅವರು. "ಆ ರಾಜ ಬಿಮಾ ಮಾಡಿಸಿದ್ನೇನ್ರಿ?"

"ಇಲ್ರಿ, ಆಗ ಇರಲಿಲ್ಲ."

"ಮತ್ತ, ಅಷ್ಟ ದೊಡ್ಡ ರಾಜನೇ ಮಾಡಿಸಿಲ್ಲ ಅಂದಮ್ಯಾಲೆ ನಮಗ್ಯಾಕ್ರಿ?"

ಆ ದಿನ ಬರಿಗೈಯಲ್ಲಿ ಬಸ್ಸು ಹತ್ತಿದೆ. ಆಮೇಲೆ ಯಾವ ಹಳ್ಳಿಯಲ್ಲೂ ಚಾಲುಕ್ಯರ ಹೆಸರೆತ್ತಲಿಲ್ಲ. ಮಾತು ಕಡಿಮೆ ಮಾಡಿ, ಕೇಳುವುದನ್ನು ಹೆಚ್ಚು ಮಾಡಿದೆ. ನನ್ನ ಓದು ಕೆಲಸಕ್ಕೆ ಬಂದದ್ದು ಅಲ್ಲಿಂದ ಮುಂದೆ.

ವಿಮೆ ಮಾಡಿಸಬೇಕಾದರೆ ವಯಸ್ಸು ಗೊತ್ತಿರಬೇಕು. ನಮ್ಮ ಸೀಮೆಯಲ್ಲಿ ಆಗ ವಯಸ್ಸು ಗೊತ್ತಿದ್ದವರು ಬಹಳ ಕಡಿಮೆ. ಎಷ್ಟು ವಯಸ್ಸು ಎಂದರೆ, "ನೀವೇ ನೋಡಿ ಬರಕೊಳ್ರಿ" ಎನ್ನುತ್ತಿದ್ದರು. ಬೇರೆ ಅಧಿಕಾರಿಗಳು ಮುಖ ನೋಡಿ ಒಂದು ಅಂಕಿ ಬರೆದುಬಿಡುತ್ತಿದ್ದರು. ನನಗೆ ಅದು ಹಿಡಿಸಲಿಲ್ಲ. ತೇದಿ ಇಲ್ಲದ ಶಾಸನಕ್ಕೆ ಕಾಲ ಕಟ್ಟುವುದನ್ನು ಕಲಿತವನು, ತೇದಿ ಇಲ್ಲದ ಮನುಷ್ಯನಿಗೆ ಕಟ್ಟಲಾರೆನೇ ಎಂಬ ಹಟ ಹುಟ್ಟಿತು.

ನಿಜಾಮನ ರಾಜ್ಯ ಮುಗಿಸಿದ 1948ರ ಪೊಲೀಸ್ ಆ್ಯಕ್ಷನ್ ನಮ್ಮ ಕಡೆ ಎಲ್ಲರಿಗೂ ನೆನಪಿರುವ ಗೆರೆ. ಅದಕ್ಕೆ ಜೋತುಬಿದ್ದೆ.

"ಪೊಲೀಸ್ ಆ್ಯಕ್ಷನ್ ಆದಾಗ ನೀವೇನ್ ಮಾಡಾಕತ್ತಿದ್ರಿ?"

"ಎಮ್ಮಿ ಕಾಯಾಕತ್ತಿದ್ದೆ."

"ಎಮ್ಮಿ ಮ್ಯಾಲೆ ಕುಂತ ಕಾಯ್ತಿದ್ರೋ, ಹಿಂದ ನಡಕೋತ ಕಾಯ್ತಿದ್ರೋ?"

ಮೇಲೆ ಕೂತಿದ್ದೆ ಎಂದರೆ ಆಗ ವಯಸ್ಸು ಹತ್ತರ ಒಳಗೆ. ಹಿಂದೆ ನಡೆಯುತ್ತಿದ್ದೆ ಎಂದರೆ ಹತ್ತು ದಾಟಿದೆ. ಎಮ್ಮೆ ಬಿಟ್ಟು ಹುಡುಗಿಯರನ್ನು ನೋಡುತ್ತಿದ್ದೆ ಎಂದು ನಕ್ಕರೆ ಹದಿನಾರು. ಹೆಂಗಸರಿಗೆ, "ನಿಮ್ಮ ಲಗ್ನದಾಗ ನಿಮಗ ನಿದ್ದಿ ಬಂದಿತ್ತೇನ್ರಿ?" ಎಂದು ಕೇಳುತ್ತಿದ್ದೆ. ಅಕ್ಷತೆ ಬೀಳುವಾಗ ಅಪ್ಪನ ತೊಡೆಯ ಮೇಲೆ ಮಲಗಿದ್ದವರು ಒಂದು ಗುಂಪು, ಎದ್ದು ಅತ್ತವರು ಇನ್ನೊಂದು ಗುಂಪು, ಗಂಡನನ್ನು ಕದ್ದು ನೋಡಿದವರು ಮೂರನೆಯದು. ಒಂದೇ ಮಾತನ್ನು ನಂಬುತ್ತಿರಲಿಲ್ಲ. ತಮ್ಮನ ಹುಟ್ಟು, ಬಾವಿ ಬತ್ತಿದ ಬೇಸಿಗೆ, ಊರಿಗೆ ಪ್ಲೇಗು ಬಂದು ಹೊಲದಲ್ಲಿ ಗುಡಿಸಲು ಹಾಕಿದ ಕಾಲ, ಎಲ್ಲವನ್ನೂ ಒಂದಕ್ಕೊಂದು ತಾಳೆ ಹಾಕುತ್ತಿದ್ದೆ. ಜನಕ್ಕೂ ಇದು ಹಿಡಿಸಿತು. ವಿಮೆ ಬೇಡವಾದವರೂ ಬಂದು, "ನಂದೊಂದು ಉಮರ್ ತಗೀರಿ" ಎಂದು ಕೂಡುತ್ತಿದ್ದರು.

ಹುಮನಾಬಾದಿನ ನಮ್ಮ ಶಾಖಾ ವ್ಯವಸ್ಥಾಪಕರಾಗಿ ಬಂದ ಮೂರ್ತಿಯವರಿಗೆ ಮಾತ್ರ ಇದು ಹಿಡಿಸಲಿಲ್ಲ. ಅವರು ಮೈಸೂರು ಕಡೆಯವರು. ನಮ್ಮ ಬೇಸಿಗೆಯಲ್ಲೂ ಕೋಟು ಬಿಚ್ಚುತ್ತಿರಲಿಲ್ಲ. ನಮ್ಮ ಕನ್ನಡ ಅವರಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಅವರು ಅನುಮಾನಿಸುತ್ತಿದ್ದರು. "ಆಧಾರ ಏನ್ರೀ?" ಎಂಬುದು ಅವರ ಬಾಯಲ್ಲಿ ಸದಾ ಇರುವ ಮಾತು. ಮಳೆ ಬರುತ್ತಿದೆ ಎಂದರೂ ಆಧಾರ ಕೇಳುವಂಥವರು.

"ಬಿರಾದಾರರೇ, ಎಮ್ಮೆ ಮೇಲೆ ಕೂತಿದ್ದರು ಅಂತ ಹೆಡ್ ಆಫೀಸಿಗೆ ಹೇಗ್ರೀ ಬರೆಯೋದು?" ಎಂದು ಕೇಳಿದರು.

"ಹಾಂಗೇ ಬರೀರಿ ಸರ್. ಸುಳ್ಳ ಅಲ್ಲ."

"ಎಮ್ಮೆಗೆ ಆಧಾರ?"

ಅವರನ್ನು ನಾನು ಬಹಳ ಬೈದುಕೊಂಡಿದ್ದೇನೆ. ಈಗ ನೆನೆದರೆ ನನ್ನ ಮಹಾಪ್ರಬಂಧಕ್ಕೆ ಸಿಗಬೇಕಾಗಿದ್ದ ಪರೀಕ್ಷಕರು ಅವರೇ ಅನ್ನಿಸುತ್ತದೆ.

ನಿವೃತ್ತಿಯ ಹೊತ್ತಿಗೆ ಎಮ್ಮೆಗಳ ಕಾಲ ಮುಗಿದಿತ್ತು. ಹೊಸ ತಲೆಮಾರು ಶಾಲೆಗೆ ಹೋಗಿತ್ತು, ಎಲ್ಲರ ಕೈಯಲ್ಲೂ ಶಾಲೆಯ ದಾಖಲೆ ಇತ್ತು. ನೋಡಿದರೆ ಅರ್ಧ ತಾಲೂಕು ಜೂನ್ ಒಂದನೆಯ ತಾರೀಖಿನಂದೇ ಹುಟ್ಟಿದೆ. ಶಾಲೆ ಶುರುವಾಗುವ ಹೊತ್ತಿಗೆ ಸರಿಹೋಗಲಿ ಎಂದು ಮಾಸ್ತರರು ಬರೆದುಕೊಂಡದ್ದು ಅದು. ನಮ್ಮ ಕಚೇರಿಗೆ ಬಂದ ಹೊಸ ಅಧಿಕಾರಿಗಳು ಆ ದಾಖಲೆ ನೋಡಿ ಸಮಾಧಾನದಿಂದ ಸಹಿ ಹಾಕುತ್ತಿದ್ದರು. ನಾನು ಏನೂ ಹೇಳುತ್ತಿರಲಿಲ್ಲ. ನಾನೂ ಜೂನ್ ಒಂದರಂದೇ ಹುಟ್ಟಿದವನು.

ಅದಕ್ಕಿಂತ ಬಹಳ ಹಿಂದಿನ, ಮೂರ್ತಿಯವರಿಗೂ ನನಗೂ ಸಂಬಂಧಿಸಿದ ಒಂದು ಪ್ರಸಂಗವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮನ್ನಾಏಖೇಳ್ಳಿಯಲ್ಲಿ ಹೆದ್ದಾರಿಯ ಬಸ್ಸು ನಿಲ್ಲುವ ಜಾಗದಲ್ಲಿ ತುಕಾರಾಮ ಎಂಬವನ ಚಹಾದ ಹೋಟೆಲಿತ್ತು. ಚಹಾ, ಮಿರ್ಚಿ ಭಜಿ, ತಗಡಿನ ಮಾಡು, ಎರಡು ಬೆಂಚು. ಅವನು ಹುಟ್ಟುತ್ತಲೇ ತಾಯಿ ತೀರಿಕೊಂಡಿದ್ದಳು, ತಂದೆಯೂ ಆಮೇಲೆ ಹೋದ. ಹೆಂಡತಿಯೊಬ್ಬಳನ್ನು ಬಿಟ್ಟರೆ ಹಿಂದೆ ಮುಂದೆ ಯಾರೂ ಇಲ್ಲದವನು. ನಾನು ಅವನಿಗೆ ವಿಮೆ ಮಾಡಿಸಿದ್ದೆ. ಪೊಲೀಸ್ ಆ್ಯಕ್ಷನ್ ಹೊತ್ತಿಗೆ ಮೀಸೆ ಚಿಗುರುತ್ತಿತ್ತು ಎಂದಿದ್ದ; ಲೆಕ್ಕ ಹಾಕಿ ಮೂವತ್ತಾರು ಎಂದು ಬರೆದಿದ್ದೆ. ನಾಲ್ಕು ವರ್ಷದ ಮೇಲೆ, ಒಂದು ಮಧ್ಯಾಹ್ನ ಒಲೆಯ ಮುಂದೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಅವನ ಹೆಂಡತಿ ಅಂಬಾಬಾಯಿ ವಿಮೆಯ ಹಣಕ್ಕೆ ಬರೆದುಕೊಂಡಳು. ಹೆಡ್ ಆಫೀಸಿನಿಂದ ತಕರಾರು ಬಂತು. ಮತದಾರರ ಪಟ್ಟಿಯಲ್ಲಿ ತುಕಾರಾಮನ ವಯಸ್ಸು ಐವತ್ತರ ಮೇಲಿದೆ, ವಯಸ್ಸು ಮುಚ್ಚಿಟ್ಟು ವಿಮೆ ಮಾಡಿಸಿದಂತೆ ಕಾಣುತ್ತದೆ, ಸ್ಥಳದಲ್ಲೇ ವಿಚಾರಿಸಿ ಎಂದು. ಮೂರ್ತಿಯವರು ಆ ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, "ಈಗ ಎಮ್ಮೆ ಎಲ್ಲಿದೆ ಹೇಳಿ," ಎಂದರು.

ನಾವಿಬ್ಬರೂ ಬಸ್ಸಿನಲ್ಲಿ ಮನ್ನಾಏಖೇಳ್ಳಿಗೆ ಹೋದೆವು. ಇಳಿಯುತ್ತಿದ್ದಂತೆ ಕಿರಾಣಿ ಅಂಗಡಿಯ ಸೇಠ್‌ಜಿ ನನ್ನನ್ನು ತಡೆದು, "ಡಾಕ್ಟರ್ ಸಾಹೇಬ್ರ, ತುಕ್ಯಾನ ಹೇಣ್ತಿಗೆ ರೊಕ್ಕ ಬಂದ್ರ ನಾವೆಲ್ಲಾ ಬಿಮಾ ಮಾಡಸ್ತೀವಿ. ಬರಲಿಲ್ಲಂದ್ರ ಇನ್ನ ಮ್ಯಾಲೆ ನೀವು ಇಲ್ಲಿ ಬಸ್ ಇಳೀಬ್ಯಾಡ್ರಿ," ಎಂದ. ನಗುತ್ತಲೇ ಹೇಳಿದ. ಆದರೆ ಸುತ್ತ ನಿಂತವರು ಯಾರೂ ನಗಲಿಲ್ಲ.

ಮುಚ್ಚಿದ ಹೋಟೆಲಿನ ಬೆಂಚಿನ ಮೇಲೆ ಕೂತು ವಿಚಾರಣೆ ಶುರು ಮಾಡಿದೆವು. ತುಕಾರಾಮನ ವಯಸ್ಸು ಎಲ್ಲರಿಗೂ ಗೊತ್ತಿತ್ತು, ಒಬ್ಬೊಬ್ಬರಿಗೆ ಒಂದೊಂದು. ಸೇಠ್‌ಜಿಗೆ ಅವನು ನಲವತ್ತೈದು ಎಂದು ಹೇಳಿದ್ದ. ಟ್ರಕ್ಕಿನವರ ಜೊತೆ ಜಗಳ ಬಂದರೆ "ನಾ ನಿಮ್ಮಪ್ಪನ ವಾರಗಿಯಂವ" ಎಂದು ಅರವತ್ತಕ್ಕೆ ಏರುತ್ತಿದ್ದ. ಕುಸ್ತಿಯ ಮಾತು ಬಂದರೆ ಇಪ್ಪತ್ತೆಂಟಕ್ಕೆ ಇಳಿಯುತ್ತಿದ್ದ. ಮತದಾರರ ಪಟ್ಟಿ ಬರೆಯುವವರು ಬಂದ ದಿನ ಅವನು ಒಬ್ಬ ಡ್ರೈವರನಿಗೆ ಹಿರಿತನದಿಂದ ಬುದ್ಧಿ ಹೇಳುತ್ತಿದ್ದನಂತೆ. ಡ್ರೈವರನ ಎದುರಿಗೆ ವಯಸ್ಸು ಇಳಿಸಿದರೆ ಹೇಳಿದ ಬುದ್ಧಿ ವ್ಯರ್ಥವಾಗುತ್ತದೆ ಎಂದು ಐವತ್ತರ ಮೇಲೆ ಬರೆಸಿಬಿಟ್ಟ.

ಮೂರ್ತಿಯವರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಬಿರಾದಾರರೇ, ಈ ಮನುಷ್ಯ ನಿಮಗೆ ಹೇಳಿದ್ದು ಮಾತ್ರ ನಿಜ ಅನ್ನೋದಕ್ಕೆ ಆಧಾರ ಏನ್ರೀ?"

ಆ ಹೊತ್ತಿಗೆ ನನಗೇ ಅವನ ಮೀಸೆಯ ಮೇಲೆ ಅನುಮಾನ ಬಂದಿತ್ತು. ಒಳಗೆ ಬಾಗಿಲ ಮರೆಯಲ್ಲಿ ಅಂಬಾಬಾಯಿ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು. ಅವಳು ಹುಮನಾಬಾದಿನ ಕಡೆಯಿಂದ ಮದುವೆಯಾಗಿ ಬಂದವಳು. ಗಂಡನ ಹುಟ್ಟಿನ ಸಂಗತಿ ಅವಳಿಗೇನು ಗೊತ್ತು? ಆದರೂ ಕೇಳಿದೆ.

"ತಂಗೀ, ಅವ್ವ ಹಡದ ಕೂಡ್ಲೆ ಸತ್ತಳು ಅಂತೀರಿ. ಹಂಗಾದ್ರ ಕೂಸಿಗೆ ಹಾಲು ಯಾರು ಕುಡಿಸಿದ್ರು?"

"ಹಾಜರಾ ಬೀ," ಎಂದಳು. "ಹಿಂದಿನ ಓಣ್ಯಾಗ ಅದಾರ್ರಿ. ಇವರು ಹೋದ ದಿನ ನನಗಿಂತ ಹೆಚ್ಚ ಅತ್ತಾಕಿ ಅಕೀನೇ."

ಹಾಜರಾ ಬೀ ತನ್ನ ಮನೆಯ ಮುಂದೆ ಹಗ್ಗದ ಹೊರಸಿನ ಮೇಲೆ ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಗಂಡ ಹೋದ ಮೇಲೆ ಮಗ ಖಾಜಾನ ಜೊತೆ ಇದ್ದಳು. ಖಾಜಾ ಬಸ್ಸಿನ ಕಂಡಕ್ಟರ್. ತುಕಾರಾಮನ ಹೆಸರೆತ್ತಿದ ಕೂಡಲೇ ಆಕೆಯ ಕಣ್ಣು ತುಂಬಿದವು. ನಾನು ವಿಷಯ ತಿಳಿಸಿದೆ.

"ನನ್ನ ಖಾಜಾ ಹುಟ್ಟಿ ಇನ್ನಾ ನಲವತ್ತ ದಿನಾ ಆಗಿದ್ದಿಲ್ಲ," ಎಂದಳು. "ತುಕ್ಯಾನ ಅಪ್ಪ ಕೂಸಿನ್ನ ಅರಿವ್ಯಾಗ ಸುತಗೊಂಡು ಬಂದು ಇಲ್ಲೇ ನಿಂತ. ನಾ ಒಳಗ ಒಯ್ದು ಕುಡಿಸಿದೆ. ಒಂದ ಕಡಿ ಇಂವ, ಒಂದ ಕಡಿ ಅಂವ. ಇಬ್ಬರೂ ಹೊಟ್ಟಿಬಾಕರು."

ನಾನು ಮೂರ್ತಿಯವರಿಗೆ ಅವರ ಕನ್ನಡದಲ್ಲಿ ಹೇಳಿದೆ. ಅವರು ಕೋಟಿನ ಕಾಲರು ಸರಿಮಾಡಿಕೊಂಡರು. "ಇಬ್ಬರೂ ಒಂದೇ ವಯಸ್ಸಿನವರು ಅನ್ನೋದಕ್ಕೆ ಆಧಾರ ಕೇಳಿ."

ಕೇಳಿದೆ. ಹಾಜರಾ ಬೀ ಅವರ ಕೋಟನ್ನು ಮೇಲಿನಿಂದ ಕೆಳಗೆ ನೋಡಿದಳು.

"ಹತ್ತು ವರ್ಷದ ಹುಡುಗನ್ನ ಅರಿವ್ಯಾಗ ಸುತ್ತಿ ಎದಿ ಹಾಲಿಗೆ ತರ್ತಾರೇನು? ಇವರ ಅವ್ವ ಇವರಿಗೆ ಹಾಲು ಕುಡಿಸಿದ್ದಕ್ಕ ಯಾವ ಕಾಗದ ಅದ ಕೇಳ್ರಿ."

ಇದನ್ನು ನಾನು ಭಾಷಾಂತರ ಮಾಡಲಿಲ್ಲ. ಆದರೆ ಮೂರ್ತಿಯವರು ಅದೊಂದು ಸಲ ನಮ್ಮ ಕನ್ನಡವನ್ನು ಪೂರ್ತಿ ಅರ್ಥ ಮಾಡಿಕೊಂಡರು. ಕಿವಿ ಕೆಂಪಾಯಿತು. ಮೆತ್ತಗೆ, "ಖಾಜಾ ಅವರ ವಯಸ್ಸಿಗಾದರೂ ಏನಾದರೂ ಇದೆಯೇ?" ಎಂದರು.

ಇತ್ತು. ನೌಕರಿಗೆ ಸೇರುವಾಗ ಕೊಟ್ಟ ಉರ್ದು ಶಾಲೆಯ ಸರ್ಟಿಫಿಕೇಟಿನ ನಕಲನ್ನು ಖಾಜಾ ಪೆಟ್ಟಿಗೆಯಲ್ಲಿ ಇಟ್ಟಿದ್ದ. ಸಂಜೆಯ ಬಸ್ಸಿನಿಂದ ಇಳಿದು ಬಂದವನೇ ತೆಗೆದುಕೊಟ್ಟ. ಅದರ ಪ್ರಕಾರ ಖಾಜಾನಿಗೆ ನಲವತ್ತು. ನನ್ನ ಮೂವತ್ತಾರಕ್ಕೆ ನಾಲ್ಕು ಕೂಡಿದರೂ ನಲವತ್ತು. ಮೂರ್ತಿಯವರು ಆ ಹಾಳೆಯನ್ನು ಬೆಳಕಿಗೆ ಹಿಡಿದು, ಮುದ್ರೆ ನೋಡಿ, ಮೊದಲ ಸಲ ಕೋಟಿನ ಗುಂಡಿ ಬಿಚ್ಚಿದರು. "ಇದು ಆಧಾರ," ಎಂದರು.

ಅವರು ಬಸ್ಸಿನ ಕಡೆ ನಡೆದ ಮೇಲೆ ನಾನು ಹಾಜರಾ ಬೀಯನ್ನು ಕೇಳಿದೆ. "ಖಾಜಾನ್ನ ಶಾಲಿಗೆ ಹಾಕಿದಾಗ ಹುಟ್ಟಿದ ತಾರೀಖು ಯಾರು ಬರಿಸಿದ್ರವ್ವಾ?"

"ನಾನೇ. ಮಾಸ್ತರ್ ಕೇಳಿದ್ರು, ಹುಟ್ಟಿ ಎಷ್ಟು ವರ್ಷ ಆತು ಅಂತ ಹೇಳಿದೆ. ಅವರು ಬರಕೊಂಡ್ರು."

ಬಸ್ಸಿನಲ್ಲಿ ನನಗೆ ನಗು ತಡೆಯಲಾಗಲಿಲ್ಲ. ಹೆಡ್ ಆಫೀಸು ಆಕೆಯ ಮಾತು ನಂಬುವುದಿಲ್ಲವೆಂದು ನಾವು ಹಿಡಿದುಕೊಂಡು ಹೊರಟ ಕಾಗದವೂ ಆಕೆಯ ಮಾತೇ ಆಗಿತ್ತು. ಇದನ್ನು ಮೂರ್ತಿಯವರಿಗೆ ಹೇಳಿಯೇಬಿಟ್ಟೆ. ಅವರು ಹುಮನಾಬಾದ್ ಬರುವವರೆಗೂ ಕಿಟಕಿಯಿಂದ ಹೊರಗೆ ನೋಡಿದರು. ಇಳಿಯುವಾಗ, "ನೀವು ಆಗ ಏನೋ ಅಂದ್ರಿ ಬಿರಾದಾರರೇ. ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ," ಎಂದರು. ಅಂದಿನಿಂದ ಅವರನ್ನು ಬೈದುಕೊಳ್ಳುವುದು ಬಿಟ್ಟೆ.

ವರದಿ ನಾನೇ ಬರೆದೆ. ತುಕಾರಾಮ ಯಾರಿಗೆ ಯಾವ ವಯಸ್ಸು ಹೇಳಿದ, ಏಕೆ ಹೇಳಿದ, ಅದರಲ್ಲಿ ಯಾವುದನ್ನು ತಳ್ಳಬೇಕು, ಹಾಜರಾ ಬೀಯ ಹೇಳಿಕೆಯನ್ನು ಏಕೆ ಒಪ್ಪಬೇಕು ಎಂದು ಅಡಿಟಿಪ್ಪಣಿಗಳ ಸಮೇತ ವಿವರಿಸಿದೆ. ನನ್ನ ಮಹಾಪ್ರಬಂಧಕ್ಕಿಂತ ಚಿಕ್ಕದು, ಆದರೆ ಹೆಚ್ಚು ಜನ ಓದಿದರು. ಹಣ ಮಂಜೂರಾಯಿತು. ಜೊತೆಗೆ, ಇನ್ನು ಮುಂದೆ ವರದಿಗಳಲ್ಲಿ ಅಡಿಟಿಪ್ಪಣಿ ಬೇಡ ಎಂಬ ಸೂಚನೆಯೂ ಬಂತು.

ಚೆಕ್ಕು ಕೊಡಲು ನಾನೇ ಹೋದೆ. ಅಂಬಾಬಾಯಿ ಅದನ್ನು ಹಣೆಗೆ ಒತ್ತಿಕೊಂಡಳು. ಆದರೆ ಮುಖ ಅರಳಲಿಲ್ಲ. ಹೋಟೆಲು ತೆರೆಯುವ ಆಸೆ ಅವಳಿಗೆ. ಹೆದ್ದಾರಿಯಲ್ಲಿ, ಟ್ರಕ್ಕಿನವರ ನಡುವೆ, ಒಬ್ಬಳೇ ಹೆಂಗಸು ಹೇಗೆ ಕೂಡಬೇಕು? ಜೊತೆಗೊಬ್ಬರು ಹಿರಿಯರು ಇದ್ದಿದ್ದರೆ ಎಂದಳು. ಹಾಜರಾ ಬೀ ಅಲ್ಲೇ ಇದ್ದಳು. "ನನಗ ಆಗೋದಿಲ್ಲವ್ವಾ, ನಂದು ಎಲ್ಲಾ ಮುಗದದ," ಎಂದು ಕೈ ಆಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಾರ ಉಮರ್ ತಗೀತೀರಿ. ನಂದೂ ಒಂದು ತಗದು ಹೋಗ್ರಿ," ಎಂದಳು.

ಕೂತೆ. ಮದುವೆಯಲ್ಲಿ ನಿದ್ದೆ ಬಂದಿರಲಿಲ್ಲ, ಅತ್ತಿದ್ದಳು. ಗಂಡನ ಮನೆಗೆ ಬಂದಾಗ ನೆಲದಡಿಯ ಹಗೇವಿನಿಂದ ಜೋಳ ತೆಗೆಯಲು ಇನ್ನೂ ಶಕ್ತಿ ಇರಲಿಲ್ಲ, ಎರಡನೇ ವರ್ಷ ಬಂತು. ಮರುವರ್ಷ ಖಾಜಾ. ಹಿಂದೆ ಮುಂದೆ ಎಲ್ಲ ತಾಳೆ ಹಾಕಿ, "ಐವತ್ತೇಳು," ಎಂದೆ.

ಹಾಜರಾ ಬೀ ನನ್ನನ್ನೇ ದಿಟ್ಟಿಸಿದಳು. "ಸರಿಯಾಗಿ ನೋಡ್ರಿ ಸಾಹೇಬ್ರ. ಎಂಬತ್ತು ಇರಬೇಕು."

"ಇಲ್ರಿ. ಐವತ್ತೇಳು. ಭಾಳಂದ್ರ ಐವತ್ತೆಂಟು."

ಆಕೆ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು. "ತಲಿ ಬೆಳ್ಳಗಾತು, ಎಲ್ಲಾರೂ ಅಜ್ಜಿ ಅಂದ್ರು. ನಾನೂ ಅದನ್ನೇ ಖರೇ ಅಂತ ತಿಳಕೊಂಡು ಹೊರಸಿನ ಮ್ಯಾಲೆ ಕುಂತಬಿಟ್ಟೆ," ಎಂದಳು.

ಮುಂದಿನ ತಿಂಗಳು ಮನ್ನಾಏಖೇಳ್ಳಿಯಲ್ಲಿ ಬಸ್ಸು ಇಳಿದಾಗ ಹೋಟೆಲು ತೆರೆದಿತ್ತು. ಅಂಬಾಬಾಯಿ ಬಟ್ಟಲು ಹಂಚುತ್ತಿದ್ದಳು. ಒಲೆಯ ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಾಜರಾ ಬೀ ಭಜಿ ಕರಿಯುತ್ತಿದ್ದಳು. ನಾನು ಬೆಂಚಿನ ಮೇಲೆ ಕೂತೆ. ಟ್ರಕ್ಕಿನಿಂದ ಇಳಿದು ಬಂದ ಒಬ್ಬ ಡ್ರೈವರ್, "ಏ ಅಜ್ಜಿ, ಒಂದ ಚಹಾ ಕೊಡು," ಎಂದ.

ಹಾಜರಾ ಬೀ ಭಜಿ ತೆಗೆಯುವ ಝಾರಿ ಎತ್ತಿ ಹಿಡಿದಳು. "ಯಾರು ಅಜ್ಜಿ? ಐವತ್ತೇಳು ನಂದು. ಅಕೋ, ಡಾಕ್ಟರ್ ಸಾಹೇಬ್ರು ಕುಂತಾರ, ಕೇಳು."

ಡ್ರೈವರ್ ನನ್ನ ಕಡೆ ತಿರುಗಿ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ.

"ಹಂಗಾದ್ರ ಅಕ್ಕಾ," ಎಂದ ಅವನು, "ಒಂದು ಚಹಾ ಕೊಡ್ರಿ."